ನಾನು ತೆಗೆಸಿದ ಕುರ್ಚಿ

ಯಾರಾದರೂ ಬಹಳ ಹೊತ್ತು ಕುರ್ಚಿಯಲ್ಲಿ ಕೂತಿದ್ದರೆ ನನ್ನ ಕಣ್ಣು ಮೊದಲು ಅವರ ಕಾಲಿಗೆ ಹೋಗುತ್ತದೆ. ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಎಲ್ಲೇ ಆಗಲಿ. ಪಾದದ ಬಣ್ಣ ನೋಡುತ್ತೇನೆ, ಉಗುರು ನೋಡುತ್ತೇನೆ. ಬಿಸಿಲುಗಾಲದಲ್ಲಿ ಕಾಲುಚೀಲ ಹಾಕಿದ್ದರೆ ಯಾಕೆ ಹಾಕಿದ್ದಾರೆಂದು ತಲೆ ಕೆಡಿಸಿಕೊಳ್ಳುತ್ತೇನೆ. ಒಮ್ಮೆ ಹಡಗಲಿಯಲ್ಲಿ ನನ್ನ ತಮ್ಮನ ಮಗಳನ್ನು ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯರೊಬ್ಬರ ಪಾದವನ್ನು ಹೀಗೇ ದಿಟ್ಟಿಸಿದೆ. ಅವರು ಮುಜುಗರಪಟ್ಟು ಕಾಲನ್ನು ಪಂಚೆಯೊಳಗೆ ಎಳೆದುಕೊಂಡರು. ಅವರು ಹೋದ ಮೇಲೆ ತಮ್ಮ ನನಗೆ ಚೆನ್ನಾಗಿ ಬೈದ. ಬೈಸಿಕೊಂಡರೂ ಚಟ ಹೋಗಿಲ್ಲ.

ಈ ಚಟ ಹತ್ತಿಸಿದವರು ಒಬ್ಬ ಗಣಿತದ ಮೇಷ್ಟ್ರು. ಅವರು ಈಗಿಲ್ಲ. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ನನಗಿಂತ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿರಿಯರು. ಆ ಶಾಲೆ ಇದ್ದ ಊರಿನ ಹೆಸರು ಹೇಳುವ ಧೈರ್ಯ ನನಗಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆ ಓಡಾಡುವ ಬಸ್ಸು ಹತ್ತಿದರೆ ದಾರಿಯಲ್ಲಿ ಎಲ್ಲೋ ಸಿಗುತ್ತದೆ ಎಂದುಕೊಳ್ಳಿ. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಖಾಸಗಿ ಶಾಲೆ, ಊರಿನ ವ್ಯಾಪಾರಸ್ಥರೇ ಸೇರಿ ಕಟ್ಟಿದ್ದು. ನಾನು ವಿಜ್ಞಾನದ ಟೀಚರು.

ಸೇರಿದ ಮೊದಲ ತಿಂಗಳು ಮಕ್ಕಳು ನನ್ನ ಮಾತೇ ಕೇಳುತ್ತಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದೆ. ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದರು.

"ಯವ್ವಾ, ಒಂದು ತಾಸಿನಾಗ ನೀ ಎಷ್ಟು ಮಾತಾಡ್ತಿ?"

"ಪೂರಾ ತಾಸು ಮಾತಾಡ್ತೀನಿ ಸರ್."

"ಅದಕ್ಕ ಅವು ಮಾತಾಡ್ತಾವ. ಅವಕ್ಕೂ ಬಾಯಿ ಅದಾವಲ್ಲ. ನೀ ಸ್ವಲ್ಪ ಕೇಳು."

ಅವರು ಕಲಿಸುತ್ತಿದ್ದ ರೀತಿಯೇ ಹಾಗಿತ್ತು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಮಕ್ಕಳು ಒಬ್ಬೊಬ್ಬರೇ ಪುಸ್ತಕ ಹಿಡಿದು ಹತ್ತಿರ ಬರಬೇಕು. ತಪ್ಪು ಮಾಡಿದವನಿಗೆ ಹೊಡೆತವಿಲ್ಲ, ಬೈಗುಳವಿಲ್ಲ. ಹೇಗೆ ಮಾಡಿದಿ ಹೇಳು ಎಂದು ಅವನ ಬಾಯಿಂದಲೇ ಹೇಳಿಸಿ, ತಪ್ಪಿನ ಪಕ್ಕದಲ್ಲಿ ಸರಿಯಾದ ಲೆಕ್ಕ ಬರೆದು ಎರಡನ್ನೂ ಒಟ್ಟಿಗೆ ತೋರಿಸುತ್ತಿದ್ದರು. ಪಕ್ಕದವನದನ್ನು ನೋಡಿ ಉತ್ತರ ಬರೆದವನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಾಲು: ಉತ್ತರ ಸರಿ, ವಿಧಾನ ತಪ್ಪು. ಏಳನೇ ಕ್ಲಾಸಿನ ಹುಡುಗರು ಆಟದ ಬಯಲಿನಲ್ಲಿ ಜಗಳವಾಡುವಾಗಲೂ ಒಬ್ಬರಿಗೊಬ್ಬರು ಇದನ್ನೇ ಹೇಳಿ ಅಣಕಿಸುತ್ತಿದ್ದರು.

ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರು ಶೇಂಗಾ ವ್ಯಾಪಾರಿ. ಚೀಲದಿಂದ ಒಂದು ಹಿಡಿ ತೆಗೆದು, ಹೆಬ್ಬೆರಳಲ್ಲಿ ಒತ್ತಿ ಸುಲಿದು, ಅಂಗೈಯಲ್ಲಿ ಕಾಳು ಹರಡಿ, ಸಿಪ್ಪೆ ಊದಿ, ಆ ಒಂದು ಹಿಡಿಯ ಮೇಲೆ ಇಡೀ ಗಾಡಿ ಮಾಲಿನ ದರ ಹೇಳುತ್ತಿದ್ದರು. ದರ ತಪ್ಪಿದ್ದಿಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಒಂದು ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನಮ್ಮನ್ನೆಲ್ಲ ಕೂಡಿಸಿ ಹೇಳಿದರು:

"ಎಲ್ಲಾರಿಗೂ ಒಂದೇ ಪಗಾರ ಅಂದ್ರ ಜೊಳ್ಳಿಗೂ ಗಟ್ಟಿಕಾಳಿಗೂ ಒಂದೇ ರೇಟು ಕೊಟ್ಟಂಗ ಆಗತೈತ್ರಿ. ಇನ್ನ ಮ್ಯಾಲೆ ಚಲೋ ಕಲಿಸಿದೋರಿಗೆ ಪಗಾರದ ಮ್ಯಾಲೆ ಗುಣಮಟ್ಟದ ಭತ್ಯೆ. ಕಲಿಸಲಿಲ್ಲ, ಇಲ್ಲ."

ಇದನ್ನು ಬರೀ ಮೂರ್ಖತನವೆಂದು ಈಗ ಹೇಳಿದರೆ ನಾನು ಸುಳ್ಳುಗಾತಿ. ನಮ್ಮಲ್ಲಿ ಇಬ್ಬರು ಮೇಷ್ಟ್ರು, ಮಕ್ಕಳಿಗೆ ಪುಸ್ತಕ ಓದಲು ಹೇಳಿ ಮೇಜಿನ ಮೇಲೆ ನಿದ್ದೆ ಹೊಡೆಯುತ್ತಿದ್ದರು. ಅಧ್ಯಕ್ಷರ ಮಾತು ಕೇಳಿ ನನಗೆ ಖುಷಿಯೇ ಆಯಿತು. ಭತ್ಯೆ ಯಾರಿಗೆಂಬುದು ಅಂಕದ ಮೇಲೆ. ಅಂಕದಲ್ಲಿ ಅರ್ಧ ಅವರ ಕೈಯಲ್ಲಿ: ಹಾಜರಿ ಪುಸ್ತಕದಿಂದ ತಮಗೆ ತೋಚಿದ ಐದು ಮಕ್ಕಳನ್ನು ಕರೆಸಿ ಪ್ರಶ್ನೆ ಕೇಳುತ್ತಾರೆ, ಒಂದು ಹಿಡಿ ಶೇಂಗಾ ತೆಗೆದ ಹಾಗೆ. ಉಳಿದ ಅರ್ಧ ಪಾಠದ ತಪಾಸಣೆಗೆ. ಅದಕ್ಕೆ ನನ್ನನ್ನು ನೇಮಿಸಿದರು. ಬಿ.ಎಡ್. ಆಗಿತ್ತು, ಅಕ್ಷರ ದುಂಡಗಿತ್ತು, ವಯಸ್ಸು ಮೂವತ್ತು. ಹಿರಿಯರು ಮೂಗು ಮುರಿದರು. ನಾನು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡೆ.

ತಪಾಸಣೆಯ ಹಾಳೆ ಸಿದ್ಧಮಾಡಿದವಳೂ ನಾನೇ. ಹತ್ತು ಕಾಲಂ. ಅಚ್ಚುಕಟ್ಟಾದ ಉಡುಪು ಎಂಬುದು ಒಂದು. ಪಾಠದ ಉದ್ದಕ್ಕೂ ನಿಂತು, ಮಕ್ಕಳ ನಡುವೆ ಓಡಾಡುತ್ತಾರೆಯೇ ಎಂಬುದು ಇನ್ನೊಂದು. ಬಿ.ಎಡ್.ನಲ್ಲಿ ನಮಗೆ ಇದನ್ನು ಅರೆದು ಕುಡಿಸಿದ್ದರು. ಕೊನೆಯಲ್ಲಿ ಸಲಹೆ ಬರೆಯಲು ನಾಲ್ಕು ಗೆರೆ ಜಾಗ. ಹೆಡ್‌ಮಾಸ್ಟರ ಜೊತೆ ಸೇರಿ ಕ್ರಮವನ್ನೂ ಗೊತ್ತುಮಾಡಿದೆವು: ತಪಾಸಣೆ ಮಾಡುವವರು ಮೊದಲು ಐದು ನಿಮಿಷ ಕಿಟಕಿಯ ಹೊರಗೆ ನಿಂತು ಕೇಳಬೇಕು, ಆಮೇಲೆ ಒಳಗೆ ಹೋಗಬೇಕು. ಹೊರಗೆ ಯಾರೂ ಇಲ್ಲವೆಂದುಕೊಂಡಾಗ ಮೇಷ್ಟ್ರು ಹೇಗಿರುತ್ತಾರೆ ಎಂಬುದು ತಿಳಿಯಲಿ ಎಂದು. ವಾರದೊಳಗೆ ಎಲ್ಲರಿಗೂ ಇದು ಗೊತ್ತಾಗಿ, ಕಿಟಕಿಯ ಹತ್ತಿರ ಸೀರೆಯ ಸೆರಗು ಕಂಡರೆ ಸಾಕು, ಎಲ್ಲ ಕ್ಲಾಸುಗಳಲ್ಲೂ ದನಿ ಏರುತ್ತಿತ್ತು.

ಗಣಿತದ ಮೇಷ್ಟ್ರ ದನಿ ಮಾತ್ರ ಏರಲಿಲ್ಲ. ಒಳಗೆ ಹೋದಾಗ ಕೂತೇ ಇದ್ದರು. "ಬರ್ರಿ ಟೀಚರ್" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಯವ್ವಾ ಎಂದೇ ಕರೆದದ್ದು, ನೀನು ಎಂದೇ ಮಾತಾಡಿಸಿದ್ದು. ಆ ದಿನದಿಂದ ಟೀಚರ್ ಆದೆ, ಬಹುವಚನ ಬಂತು. ನನಗೆ ಚುಚ್ಚಿತು. ಆದರೆ ಕೈಯಲ್ಲಿ ಹಾಳೆ ಇತ್ತು, ಹಿಂದಿನ ಬೆಂಚಿನಲ್ಲಿ ಕೂತು ಬರೆದೆ. ನಾನು ಗಡಿಯಾರ ನೋಡಿ ಬರೆಯುವವಳು. ಎಷ್ಟು ಗಂಟೆಗೆ ಎದ್ದರು, ಬೋರ್ಡಿನಲ್ಲಿ ಎಷ್ಟು ನಿಮಿಷ ನಿಂತರು, ಹಿಂದಿನ ಬೆಂಚಿನವರೆಗೆ ಬಂದು ಮತ್ತೆ ಎಷ್ಟು ಬೇಗ ಕೂತರು, ಕೂತ ಮೇಲೆ ಎಡಗಾಲ ಮೀನಖಂಡ ಹಿಸುಕಿಕೊಂಡರು, ಮತ್ತೆ ಎಷ್ಟು ಹೊತ್ತಿಗೆ ಎದ್ದರು. ಎಲ್ಲವನ್ನೂ ಬರೆದೆ. ಮೂರು ದಿನ ಮೂರು ಪಾಠ ನೋಡಿ ಮೂರು ಸಲ ಬರೆದೆ. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ನಿಮಿಷಗಳು ಬಂದವು. ಸೋಮಾರಿತನಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡೆ. ಅದೇ ಕೋಣೆಯ ಗೋಡೆಗೆ ನಾನೇ ಬರೆದು ಹಚ್ಚಿದ್ದ ರಕ್ತಪರಿಚಲನೆಯ ಚಾರ್ಟು ತೂಗಾಡುತ್ತಿತ್ತು, ಕೆಂಪು ನೀಲಿ ಬಣ್ಣದಲ್ಲಿ.

ಸಲಹೆಯ ಜಾಗದಲ್ಲಿ ನಾನು ಬರೆದದ್ದು ಇಷ್ಟು: "ತರಗತಿಯಿಂದ ಕುರ್ಚಿ ತೆಗೆಸುವುದು ಸೂಕ್ತ."

ಅಧ್ಯಕ್ಷರು ಕರೆಸಿದ ಐದು ಮಕ್ಕಳು ಗಣಿತದಲ್ಲಿ ಒಳ್ಳೆಯ ಉತ್ತರವನ್ನೇ ಕೊಟ್ಟರು. ಆದರೂ ನನ್ನ ಹಾಳೆಯಿಂದಾಗಿ ಮೇಷ್ಟ್ರಿಗೆ ಭತ್ಯೆ ಎರಡು ಅಂಕದಲ್ಲಿ ತಪ್ಪಿತು. ಸಭೆಯಲ್ಲಿ ಎಲ್ಲರ ಮುಂದೆ ಭತ್ಯೆ ಸಿಕ್ಕವರ ಹೆಸರುಗಳನ್ನು ಓದಿದರು. ನಿದ್ದೆ ಹೊಡೆಯುವ ಇಬ್ಬರಲ್ಲಿ ಒಬ್ಬನ ಹೆಸರೂ ಇತ್ತು, ತಪಾಸಣೆಯ ದಿನ ಅವನು ಕ್ಲಾಸಿನ ತುಂಬಾ ಓಡಾಡಿದ್ದ. ಅಧ್ಯಕ್ಷರು ನಗುತ್ತಾ, "ಕುಂತು ವ್ಯಾಪಾರ ಮಾಡೋರು ನಾವ್ರಿ, ಮೇಷ್ಟ್ರು ನಿಂತು ಕಲಿಸಬೇಕು" ಎಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಮರುವಾರ ಎಲ್ಲ ಕ್ಲಾಸುಗಳ ಕುರ್ಚಿಗಳು ಕೈಗಾಡಿ ಹತ್ತಿ ಅಧ್ಯಕ್ಷರ ಅಂಗಡಿಗೆ ಹೋದವು.

ಮೇಷ್ಟ್ರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಿಂದ ಶಾಲೆಗೆ ನಡೆದು ಬರುತ್ತಿದ್ದರು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲುವುದು ಅವರ ರೂಢಿ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯ ಮುಂದೆ ನಿಂತು ಪಟಗಳನ್ನು ನೋಡುವುದು, ದರ್ಜಿ ಅಂಗಡಿಯ ಮುಂದೆ ನಿಂತು ಬಟ್ಟೆ ನೋಡುವುದು, ಸೈಕಲ್ ಶಾಪಿನ ಮುಂದೆ ನಿಂತು ಬೀಡಿ ಸೇದುತ್ತಾ ಪಂಕ್ಚರ್ ಹಾಕುವುದನ್ನು ನೋಡುವುದು. ಮೇಷ್ಟ್ರು ದಿನಾ ಅಂಗಡಿ ತಪಾಸಣೆಗೆ ಹೊರಡುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ನಾವೇ ಚೇಷ್ಟೆ ಮಾಡುತ್ತಿದ್ದೆವು. ಸೈಕಲ್ ಶಾಪಿನ ಸಾಬರು ಒಬ್ಬರೇ ಅದನ್ನು ಚೇಷ್ಟೆಯಾಗಿ ತೆಗೆದುಕೊಂಡಿರಲಿಲ್ಲ. ನಾನು ಸೈಕಲ್‌ಗೆ ಗಾಳಿ ಹೊಡೆಸಲು ಹೋಗಿದ್ದಾಗ ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ಟೀಚರ್, ನಿಮ್ಮ ಲೆಕ್ಕದ ಸರ್ ಹೋದ ವರ್ಷ ಮೂರು ಕಡೆ ನಿಲ್ತಿದ್ರು. ಈಗ ಆರು ಕಡೆ ನಿಲ್ತಾರ. ಕಾಲು ಹಿಡಕೊಂತಾವಂತ. ನಾ ಸ್ಟೂಲು ಹಾಕಿ ಕೊಡ್ತೀನಿ. ಯಾರಿಗಾರ ತೋರಸ್ರಿ ಅಂದ್ರ ನಗ್ತಾರ."

"ವಯಸ್ಸಾತಲ್ರಿ ಭಾಯ್" ಎಂದು ಹೇಳಿ ನಾನು ಸೈಕಲ್ ಹತ್ತಿದೆ. ಮೇಷ್ಟ್ರಿಗೆ ಆಗ ಐವತ್ತೂ ಸರಿಯಾಗಿ ತುಂಬಿರಲಿಲ್ಲ.

ವರ್ಷದ ಎರಡನೇ ತಪಾಸಣೆ ಬಂತು. ಕಿಟಕಿಯ ಹೊರಗೆ ಐದು ನಿಮಿಷ ನಿಂತೆ. ಒಳಗೆ ಹೆಜ್ಜೆಯ ಸದ್ದು ಕೇಳಿ ಆಶ್ಚರ್ಯವಾಯಿತು. ಒಳಗೆ ಹೋದೆ. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತಿದ್ದರು. ಮುಂದಿನ ಸಾಲಿನಿಂದ ಹಿಂದಿನ ಗೋಡೆಯವರೆಗೆ, ಅಲ್ಲಿಂದ ಬೋರ್ಡಿನವರೆಗೆ, ಪಾಠ ಮುಗಿಯುವ ತನಕ. ಹಣೆಯಿಂದ ಬೆವರು ಇಳಿದು ಅಂಗಿಯ ಕಾಲರು ಒದ್ದೆಯಾಗಿತ್ತು. ನನ್ನ ಬೆಂಚಿನ ಪಕ್ಕ ಬಂದಾಗಲೆಲ್ಲ ಬೆಂಚಿನ ತುದಿಯನ್ನು ಒಂದು ಕ್ಷಣ ಗಟ್ಟಿಯಾಗಿ ಹಿಡಿಯುತ್ತಿದ್ದರು. ಲೆಕ್ಕ ಕೇಳಲು ಯಾವ ಹುಡುಗನೂ ಹತ್ತಿರ ಹೋಗಲಿಲ್ಲ. ನಡೆಯುತ್ತಿರುವವರ ಹತ್ತಿರ ಪುಸ್ತಕ ಹಿಡಿದುಕೊಂಡು ಹೇಗೆ ಹೋಗುವುದು? ಆ ದಿನ ಅವರು ಪೂರಾ ತಾಸು ತಾವೇ ಮಾತಾಡಿದರು.

ಎರಡೂ ಕಾಲಿಗೆ ಹೊಸ ಕಪ್ಪು ಕಾಲುಚೀಲ ಹಾಕಿದ್ದರು. ಅದುವರೆಗೆ ಬರಿಗಾಲಿಗೆ ಚಪ್ಪಲಿ ಮೆಟ್ಟಿ ಬರುತ್ತಿದ್ದವರು. ಅಚ್ಚುಕಟ್ಟಾದ ಉಡುಪು ಎಂಬ ಕಾಲಂನಲ್ಲಿ ನಾನು ಪೂರ್ತಿ ಅಂಕ ಕೊಟ್ಟೆ, ಕಾಲುಚೀಲಕ್ಕೆ. ಪಕ್ಕದಲ್ಲಿ ಹಾದುಹೋದಾಗ ಏನೋ ಒಂದು ವಾಸನೆ ಬಂದಿತ್ತು. ಹೊರಗೆ ಇಲಿ ಸತ್ತಿರಬೇಕೆಂದು ಕಿಟಕಿ ಮುಚ್ಚಿಸಿದೆ.

ಭತ್ಯೆಯ ಪಟ್ಟಿಯಲ್ಲಿ ಅವರ ಹೆಸರು ಬಂತು. ಮರುದಿನ ಸಂಜೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದರು. ನನ್ನ ಮುಂದೆ ಕಾಗದ ಬಿಚ್ಚಿಟ್ಟು, "ತಗೋರಿ ಟೀಚರ್, ಪಾಸಾದೆ" ಎಂದರು. ನನಗೆ ಹೆಮ್ಮೆಯಾಯಿತು. ಕಟ್ಟುನಿಟ್ಟು ಮಾಡಿದ್ದಕ್ಕೇ ಸರಿಹೋದರು ಎಂದುಕೊಂಡು ಎರಡು ಮಿರ್ಚಿ ಹೆಚ್ಚಿಗೆ ತಿಂದೆ.

ಹದಿನೈದು ದಿನವಾಗಿರಬಹುದು. ಭಾನುವಾರ ಬೆಳಗ್ಗೆ ಮೇಷ್ಟ್ರ ಹೆಂಡತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಹರಪನಹಳ್ಳಿಯ ಡಾಕ್ಟರು ಬರೆದ ಚೀಟಿ. ಡಾಕ್ಟರು ಪಾದ ಮುಟ್ಟಿ ಮುಟ್ಟಿ ನೋಡಿ, ನಾಡಿ ಸಿಗುತ್ತಿಲ್ಲ, ದಾವಣಗೆರೆಗೆ ಹೋಗಿ ಕಾಲಿನ ರಕ್ತನಾಳದ ಸ್ಕ್ಯಾನ್ ಮಾಡಿಸಿ ಎಂದಿದ್ದರಂತೆ. ಆ ಸ್ಕ್ಯಾನಿಗೆ ಡಾಪ್ಲರ್ ಎಂಬ ಹೆಸರಿರುವುದನ್ನು ನಾನು ಕೇಳಿದ್ದು ಆಗಲೇ ಮೊದಲ ಸಲ.

"ಯವ್ವಾ, ನೀ ಓದಿದಾಕಿ. ಜೊತಿಗೆ ಬಾ. ಅವರು ಏನಂತಾರ ನನಗ ತಿಳಿಯಂಗಿಲ್ಲ" ಎಂದು ಅವರು ಕೈ ಹಿಡಿದರು. ಆಮೇಲೆ ಒಂದೊಂದೇ ಹೇಳಿದರು. ಶಾಲೆಯಲ್ಲಿ ನಿಲ್ಲಲು ಶುರುಮಾಡಿದ ಮೇಲೆ ರಾತ್ರಿ ಕಾಲು ನೋವು ತಡೆಯಲಾಗುತ್ತಿರಲಿಲ್ಲ. ಕಾಲು ಮಂಜಿನಂತೆ ತಣ್ಣಗಿರುತ್ತಿತ್ತು. ವಾತವೆಂದು ಎಲ್ಲರೂ ಹೇಳಿದ್ದಕ್ಕೆ ಇಟ್ಟಿಗೆ ಕಾಯಿಸಿ, ಔಡಲ ಎಲೆ ಸುತ್ತಿ, ಪಾದಕ್ಕೆ ಕಾವು ಕೊಟ್ಟರು. ಬಿಸಿಯಾಯಿತೇ ಎಂದು ಕೇಳಿದರೆ, ಇಲ್ಲ, ಇನ್ನಷ್ಟು ಇಡು ಎನ್ನುತ್ತಿದ್ದರಂತೆ. ಬೆಳಗ್ಗೆ ನೋಡಿದರೆ ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ಅದು ಒಡೆದು ಹುಣ್ಣಾಯಿತು, ಹುಣ್ಣು ಮಾಯಲಿಲ್ಲ. ಶಾಲೆಯಲ್ಲಿ ಯಾರಿಗೂ ಕಾಣಬಾರದೆಂದು ಸಂತೆಯಲ್ಲಿ ಕಾಲುಚೀಲ ತಂದರು.

ಚಪ್ಪಲಿ ಮೆಟ್ಟಿ ಹೊರಟೆ.

ದಾವಣಗೆರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ದೀಪ ಸಣ್ಣಗೆ ಮಾಡಿದ್ದರು. ಒಬ್ಬ ಡಾಕ್ಟರು, ವಯಸ್ಸು ನನ್ನದೇ ಇರಬೇಕು. ಮೇಷ್ಟ್ರನ್ನು ಮಲಗಿಸಿ, ತಣ್ಣನೆಯ ಅಂಟು ಹಚ್ಚಿ, ಕೈಯಲ್ಲಿದ್ದ ಸಣ್ಣ ಯಂತ್ರವನ್ನು ತೊಡೆಯ ಸಂದಿಯಲ್ಲಿ ಒತ್ತಿದರು. ಪರದೆಯ ಮೇಲೆ ಬೂದು ಬಣ್ಣದ ನಡುವೆ ಕೆಂಪು ನೀಲಿ ಮಿನುಗಿತು. ಗುಂಡಿಯೊಂದನ್ನು ಒತ್ತಿದೊಡನೆ ಕೋಣೆಯಲ್ಲಿ ಸದ್ದು ಬಂತು. ಒಳಗೆ ಹರಿಯುವ ರಕ್ತ ಹೀಗೆ ಸದ್ದಾಗಿ ಕೇಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಟೀಚರು ನಾನು.

ಬಲಗಾಲಿನಲ್ಲಿ ಮಂಡಿಯ ಹಿಂದೆ ಸದ್ದು ಸೊರಗಿತ್ತು, ಆದರೂ ಇತ್ತು. ಎಡಗಾಲಿನಲ್ಲಿ ತೊಡೆಯ ನಡುವಿನವರೆಗೆ ಬಂದು ಅಲ್ಲಿಂದ ಕೆಳಗೆ ಬಣ್ಣವೂ ಇಲ್ಲ, ಸದ್ದೂ ಇಲ್ಲ. ಡಾಕ್ಟರು ಮಂಡಿಯ ಹಿಂದೆ ಹುಡುಕಿದರು, ಹಿಮ್ಮಡಿಯ ಪಕ್ಕ ಹುಡುಕಿದರು, ಪಾದದ ಮೇಲೆ ಒತ್ತಿದರು, ಓರೆಮಾಡಿ ಒತ್ತಿದರು, ಮತ್ತೆ ಅಂಟು ಹಚ್ಚಿ ಒತ್ತಿದರು. ಯಂತ್ರದ ಬರೀ ಸುಯ್ ಎನ್ನುವ ಶಬ್ದ. ಎಷ್ಟೋ ಹೊತ್ತಾದ ಮೇಲೆ ಒಂದು ಕಡೆ, ಟಯರಿನಿಂದ ಗಾಳಿ ಸೋರಿದಷ್ಟು, ಏನೋ ಸಿಕ್ಕಿತು.

"ನಡೆಯುವಾಗ ನೋವು ಬರ್ತಿತ್ತಾ?" ಡಾಕ್ಟರು ಕೇಳಿದರು.

"ಹೂನ್ರಿ."

"ನಿಂತ್ರೆ, ಕೂತ್ರೆ ಕಮ್ಮಿ ಆಗ್ತಿತ್ತಾ? ಎಷ್ಟು ಹೊತ್ತಿಗೆ? ಪ್ರತಿ ಸಲ ಅಷ್ಟೇ ನಡೆದ ಮೇಲೆ ಬರ್ತಿತ್ತಾ? ಎಲ್ಲಿ, ಮೀನಖಂಡದಲ್ಲಾ?"

ಮೇಷ್ಟ್ರು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದರು. ಡಾಕ್ಟರು ಕೇಳುತ್ತಿದ್ದ ಪ್ರಶ್ನೆಗಳಿಗೆಲ್ಲ ಉತ್ತರ ನನ್ನ ಹಾಳೆಯಲ್ಲಿತ್ತು. ಗಂಟೆ ನಿಮಿಷಗಳ ಸಮೇತ, ದುಂಡಗಿನ ಅಕ್ಷರದಲ್ಲಿ, ಮೂರು ಸಲ.

"ಇದು ಎರಡು ವರ್ಷದ ಕಾಯಿಲೆ ಸರ್. ಶಾಲೆಯಲ್ಲಿ ಯಾರೂ ಗಮನಿಸಲಿಲ್ವಾ?"

ಮೇಷ್ಟ್ರು ಮಲಗಿದ್ದಲ್ಲಿಂದಲೇ ನನ್ನ ಕಡೆ ತಿರುಗಿದರು. ಮುಖದಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ.

"ಗಮನಿಸ್ಯಾರ್ರಿ. ನಮ್ಮ ಟೀಚರ್ ಎಲ್ಲಾ ಬರದಿಟ್ಟಾರ" ಎಂದರು.

ಆಮೇಲೆ ಡಾಕ್ಟರನ್ನು ಕೇಳಿದರು: "ಸರಿ ಇರೋ ಕಾಲಿಂದು ಹೆಂಗ ಕೇಳತೈತ್ರಿ? ನನ್ನವು ಎರಡೂ ತಪ್ಪದಾವ. ಪಕ್ಕದಾಗ ಸರಿ ಇರೋದು ಒಂದು ಕೇಳಿಸಿದ್ರ ಇವಳಿಗೂ ತಿಳಿತೈತಿ." ಇವಳು ಎಂದದ್ದು ಹೆಂಡತಿಯನ್ನು. ಡಾಕ್ಟರು ನಕ್ಕು ಸುತ್ತ ನೋಡಿದರು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದ್ದರು. "ನೀವು ಬರ್ತೀರಾ?" ಎಂದು ನನ್ನನ್ನು ಕೇಳಿದರು.

ಸ್ಟೂಲಿನ ಮೇಲೆ ಕಾಲಿಟ್ಟೆ. ಹಿಮ್ಮಡಿಯ ಪಕ್ಕಕ್ಕೆ ಅಂಟು ಹಚ್ಚಿ ಯಂತ್ರ ಇಟ್ಟರು, ಅಷ್ಟೇ. ಹುಡುಕುವುದೇ ಬೇಕಾಗಲಿಲ್ಲ. ತುಂಬಿದ ಕಾಲುವೆಯಲ್ಲಿ ಬಟ್ಟೆ ಜಾಲಿಸಿದ ಹಾಗೆ ಛುಪ್ ಛುಪ್ ಎಂದು ಕೋಣೆಯ ತುಂಬ ಸದ್ದು. ನನ್ನ ಕಾಲು, ನನ್ನ ರಕ್ತ, ಯಾರ ಹಂಗೂ ಇಲ್ಲದ ಹಾಗೆ ಜೋರಾಗಿ, ನಾಚಿಕೆಯಿಲ್ಲದೆ ಬಡಿದುಕೊಳ್ಳುತ್ತಿತ್ತು. ನಿಲ್ಲಿಸ್ರಿ ಎಂದು ಕೂಗಬೇಕೆನಿಸಿತು. ಮೇಷ್ಟ್ರು ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವ ಹುಡುಗನ ಮುಂದೆ ಕೂತವರಂತೆ ತಲೆ ಆಡಿಸುತ್ತಾ ಕೇಳಿದರು.

"ಫಸ್ಟ್ ಕ್ಲಾಸ್ ಐತವ್ವಾ ನಿಂದು" ಎಂದರು. ಇಷ್ಟು ತಿಂಗಳ ಮೇಲೆ ನಾನು ಮತ್ತೆ ಅವ್ವನಾಗಿದ್ದೆ. ಅದಕ್ಕೇ ಅಳು ಬಂತು.

ಶಸ್ತ್ರಚಿಕಿತ್ಸೆಯ ಡಾಕ್ಟರು ಕಾಲನ್ನು ಮಂಡಿಯ ಮೇಲಿನಿಂದ ತೆಗೆದರು. ಹುಣ್ಣು ಆಗುವ ಮೊದಲೇ, ಒಂದು ಆರು ತಿಂಗಳು ಮುಂಚೆ ಬಂದಿದ್ದರೆ ಉಳಿಸಿಕೊಳ್ಳುವ ದಾರಿ ಇರುತ್ತಿತ್ತು ಎಂದರು. ಆರು ತಿಂಗಳು ಮುಂಚೆ ಎಂದರೆ ನಾನು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಕಾಲ. ನಿಲ್ಲುವುದರಿಂದ ಈ ಕಾಯಿಲೆ ಬರುವುದಿಲ್ಲ ಟೀಚರ್, ಬೀಡಿಯಿಂದ ಬಂದದ್ದು ಎಂದೂ ಅವರು ಹೇಳಿದರು, ನಾನು ಮೂರು ಸಲ ಕೇಳಿದ್ದಕ್ಕೆ. ಬೀಡಿ ಸೇದಿದ್ದು ಮೇಷ್ಟ್ರೇ ನಿಜ. ಆದರೆ ಇಟ್ಟಿಗೆ ಒಲೆಗೆ ಹೋದದ್ದು ಕುರ್ಚಿ ಅಂಗಡಿಗೆ ಹೋದ ಮೇಲೆ. ಇದನ್ನು ಯಾವ ಡಾಕ್ಟರು ಬಂದು ಹೇಗೆ ಹೇಳಿದರೂ ನನಗೆ ಸಮಾಧಾನವಾಗುವುದಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ, ಹೆಂಡತಿ ಹಾಲು ತರಲು ಕೆಳಗೆ ಹೋಗಿದ್ದಾಗ, ನಾನು ಎಲ್ಲವನ್ನೂ ಹೇಳಿದೆ. ಕಾಲಂ ಹಾಕಿದ್ದು ನಾನು, ಕುರ್ಚಿ ತೆಗೆಸಿದ್ದು ನಾನು, ಕಾಲುಚೀಲಕ್ಕೆ ಅಂಕ ಕೊಟ್ಟದ್ದು ನಾನು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

"ನೀ ಸುಳ್ಳು ಬರದಿಲ್ಲವ್ವಾ" ಎಂದರು. "ಉತ್ತರ ಸರಿ ಐತಿ."

ವಿಧಾನ ತಪ್ಪು ಎಂಬ ಉಳಿದರ್ಧವನ್ನು ಹೇಳಲಿಲ್ಲ. ಹೇಳಲಿ ಎಂದು ಕಾದೆ. ಅಷ್ಟರಲ್ಲಿ ಹೆಂಡತಿ ಹಾಲು ತಂದರು.

"ಶಾಲಿಗೆ ಬರ್ತೀನಿ. ಕೂಡಾಕ ಒಂದು ಕುರ್ಚಿ ಕೊಟ್ರ ಬರ್ತೀನಿ. ಮನ್ಯಾಗ ಕುಂತ್ರ ನಾ ಉಳಿಯಂಗಿಲ್ಲ" ಎಂದು ಹಾಲು ಕುಡಿಯುತ್ತಾ ಅಂದರು. ಆವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಆ ಕುರ್ಚಿಯನ್ನು ಮತ್ತೆ ಆ ಕೋಣೆಯಲ್ಲಿ ಇಡಿಸಬೇಕು, ಮೇಷ್ಟ್ರು ಅದರಲ್ಲಿ ಕೂರುವುದನ್ನು ನಾನು ನೋಡಬೇಕು.

ಅಧ್ಯಕ್ಷರ ಅಂಗಡಿಗೆ ಹೋದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ನಮ್ಮ ಶಾಲೆಯ ಕುರ್ಚಿಗಳಲ್ಲಿ ಹಳ್ಳಿಯಿಂದ ಮಾಲು ತಂದವರು ಕೂತು ಚಹಾ ಕುಡಿಯುತ್ತಿದ್ದರು. ಅಧ್ಯಕ್ಷರು ನನ್ನ ಮಾತನ್ನು ಪೂರ್ತಿ ಕೇಳಿದರು. ಅಂಗೈಯಲ್ಲಿದ್ದ ಕಾಳನ್ನು ಚೀಲಕ್ಕೆ ಸುರಿದರು.

"ಟೀಚರ್, ನಾ ಶೇಂಗಾದವ. ಕಾಳು ಒಡದು ನೋಡಬೌದು, ಮನಿಷ್ಯಾನ್ನ ಒಡದು ನೋಡಾಕ ಬರಂಗಿಲ್ಲ. ಅದಕ್ಕ ನೀವು ಬರದದ್ದು ನಂಬಿದೆ. ನೀವು ತೆಗಿ ಅಂದ್ರಿ, ತೆಗದೆ. ಒಯ್ರಿ."

ನನಗೆ ಬೇಕಾಗಿದ್ದ ಜಗಳವನ್ನೂ ಅವರು ಕೊಡಲಿಲ್ಲ. ಮೇಷ್ಟ್ರ ಕುರ್ಚಿಯನ್ನು ಅದರ ಬಲಗೈ ಸವೆದಿದ್ದರಿಂದ ಗುರುತು ಹಿಡಿದೆ. ಸೈಕಲ್ ಶಾಪಿನ ಸಾಬರು ಅದನ್ನು ತಲೆಯ ಮೇಲೆ ಹೊತ್ತು ಶಾಲೆಯವರೆಗೆ ತಂದು ಕೊಟ್ಟರು, ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.

ಮುಂದಿನ ವರ್ಷ ಶಾಲೆ ತೆರೆದಾಗ ಮೇಷ್ಟ್ರು ಬಂದರು. ಕಂಕುಳಲ್ಲಿ ಎರಡು ಊರುಗೋಲು, ಎಡಗಡೆ ಪಂಚೆಯನ್ನು ಮಡಿಸಿ ಪಿನ್ನು ಹಾಕಿದ್ದರು. ಮಕ್ಕಳು ಎರಡೇ ದಿನದಲ್ಲಿ ರೂಢಿಮಾಡಿಕೊಂಡರು. ಮತ್ತೆ ಪುಸ್ತಕ ಹಿಡಿದು ಒಬ್ಬೊಬ್ಬರೇ ಕುರ್ಚಿಯ ಹತ್ತಿರ ಹೋಗತೊಡಗಿದರು. ನಾನು ಪಕ್ಕದ ಕ್ಲಾಸಿನಿಂದ ಆ ಗದ್ದಲ ಕೇಳುತ್ತಾ ಉಸಿರು ಬಿಟ್ಟೆ. ಆದರೆ ಹತ್ತಿರ ಹೋಗಲಿಲ್ಲ. ಕುರ್ಚಿ ವಾಪಸು ಬಂದ ಮೇಲೆ ಕ್ಲಾಸಿನೊಳಗೆ ಅವರು ಕೂತಿರುವುದನ್ನು ನಾನು ನೋಡಿರಲೇ ಇಲ್ಲ.

ತಪಾಸಣೆಯ ಕಾಲ ಮತ್ತೆ ಬಂತು. ನನ್ನಿಂದಾಗದು ಎಂದೆ. ಬೇರೆ ಯಾರೂ ಒಪ್ಪಲಿಲ್ಲ, ಹೆಡ್‌ಮಾಸ್ಟರು ಬಿಡಲಿಲ್ಲ. ಹಳೆಯ ಹಾಳೆಗಳೇ ಕಟ್ಟುಗಟ್ಟಲೆ ಉಳಿದಿದ್ದವು. ಮೇಷ್ಟ್ರ ಹಾಳೆಯಲ್ಲಿ ಆ ಕಾಲಂ ಅನ್ನು ಪೆನ್ನಿನಿಂದ ಗೀಚಿ ಗೀಚಿ ಕಾಗದ ಹರಿಯುವಷ್ಟು ಹೊಡೆದುಹಾಕಿದೆ. ಆಮೇಲೆ ಆ ಕೋಣೆಯ ಕಡೆ ನಡೆದೆ.

ಅಭ್ಯಾಸಬಲ, ಕಿಟಕಿಯ ಹೊರಗೆ ನಿಂತೆ. ಒಳಗೆ ಒಬ್ಬ ಹುಡುಗ ಭಿನ್ನರಾಶಿಯ ಲೆಕ್ಕವನ್ನು ತಾನು ಹೇಗೆ ಮಾಡಿದೆ ಎಂದು ಹೇಳುತ್ತಿದ್ದ. "ಆಮ್ಯಾಲೆ?" ಎನ್ನುತ್ತಿದ್ದರು ಮೇಷ್ಟ್ರು. "ಹೂಂ, ಆಮ್ಯಾಲೆ?" ಹುಡುಗ ತಪ್ಪಿದ, ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಅಷ್ಟು ಹಗುರಾದ ನಗುವನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. ಅಲ್ಲಿಂದಲೇ ಹಿಂತಿರುಗಿದ್ದರೆ ಆಗುತ್ತಿತ್ತು. ಕೂತಿರುವುದನ್ನು ಕಣ್ಣಿಂದ ನೋಡಬೇಕೆಂಬ ಆಸೆ ಬಿಡಲಿಲ್ಲ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ನನ್ನ ಸೆರಗು ಕಿಟಕಿಗೆ ಕಂಡಿರಬೇಕು.

ಒಳಗೆ ನಗು ನಿಂತಿತು. ಕುರ್ಚಿ ಸರಿದ ಸದ್ದು, ಊರುಗೋಲು ನೆಲಕ್ಕೆ ತಾಗಿದ ಸದ್ದು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಎದ್ದು ನಿಂತಿದ್ದರು. ಒಂದು ಊರುಗೋಲು ಜಾರಿ ಕೆಳಗೆ ಬಿದ್ದಿತ್ತು. ಇನ್ನೊಂದರ ಮೇಲೆ ಭಾರ ಬಿಟ್ಟು, ಮೇಜಿನ ಅಂಚು ಹಿಡಿದು, ಉಳಿದ ಒಂದೇ ಕಾಲ ಮೇಲೆ ನೆಟ್ಟಗೆ ನಿಂತಿದ್ದರು. ಆ ಕಾಲು ನಡುಗುತ್ತಿತ್ತು. ಅದಕ್ಕೂ ಕಪ್ಪು ಕಾಲುಚೀಲ ಹಾಕಿದ್ದರು.

"ಬರ್ರಿ ಟೀಚರ್" ಎಂದರು.

"ಕೂಡ್ರಿ ಸರ್."

"ಇರ್ಲಿ ಬಿಡ್ರಿ. ನೀವು ಬರಕೊಳ್ರಿ."

"ನಾ ಏನೂ ಬರಿಯಂಗಿಲ್ಲ ಸರ್. ನಿಮ್ಮ ಕಾಲಿಗೆ ಬೀಳ್ತೀನಿ, ಕೂಡ್ರಿ."

ಅವರು ಮಕ್ಕಳ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದರು, ಕೂರಲಿಲ್ಲ. ನಾನು ಅಲ್ಲಿದ್ದಷ್ಟು ಹೊತ್ತು ಕೂರುವವರಲ್ಲ ಎಂದು ನನಗೆ ಅರ್ಥವಾಯಿತು. ಹೊರಗೆ ಬಂದು ಗೋಡೆಯ ಪಕ್ಕ ನಿಂತು ಕಿವಿಗೊಟ್ಟೆ. ಕುರ್ಚಿಯ ಸದ್ದು ಬರಲಿಲ್ಲ. ಆಗ ನೆನಪಾಯಿತು, ಹೊರಗೆ ನಿಂತು ಕೇಳುತ್ತೇನೆಂಬುದು ಅವರಿಗೆ ಗೊತ್ತು. ಅದನ್ನೂ ಕಲಿಸಿದವಳು ನಾನೇ.

ಹಾಗಾಗಿ ಆಟದ ಬಯಲನ್ನು ದಾಟಿ ನಡೆದೆ. ನನ್ನ ಬೆನ್ನು ಅವರಿಗೆ ಕಾಣಲಿ ಎಂದು ನಡುಮಧ್ಯದಲ್ಲಿ, ಬಿಸಿಲಲ್ಲಿ ನಡೆದೆ. ಆ ಕಡೆಯ ಕಾಂಪೌಂಡಿನ ಬೇವಿನ ಮರದವರೆಗೆ ಹೋಗಿ ನಿಂತೆ. ಕಿವಿಯಲ್ಲಿ ನನ್ನದೇ ರಕ್ತ ಛುಪ್ ಛುಪ್ ಎಂದು ಬಡಿಯುತ್ತಿತ್ತು. ತಿರುಗಿ ನೋಡಿದರೆ ಮತ್ತೆ ಎದ್ದುಬಿಡುತ್ತಾರೆಂಬ ಹೆದರಿಕೆಗೆ, ಗಂಟೆ ಹೊಡೆಯುವ ತನಕ ಗೋಡೆಗೆ ಮುಖ ಮಾಡಿಯೇ ನಿಂತಿದ್ದೆ. ಅವರು ಕೂತರೋ ಇಲ್ಲವೋ ನನಗೆ ಗೊತ್ತಿಲ್ಲ.